ಸ್ವಇಚ್ಛೆಯಿಂದ

2025ರ ಜುಲೈ, ಒಂದು ಗುರುವಾರ. ಆಫೀಸಿನ ಕ್ಯಾಂಟೀನಿನಲ್ಲಿ ಮೊಸರನ್ನ ಮುಗಿಸುತ್ತಿದ್ದೆ. ಹಳೇ ರೂಮ್‌ಮೇಟ್ ಒಬ್ಬನ ಮೆಸೇಜ್ ಬಂತು. ‘ಮಗಾ, ಒಂದು ಪಿಡಿಎಫ್ ಕಳ್ಸಿದೀನಿ. ಆರು ಗಂಟೆ ಒಳಗೆ ಸೈನ್ ಮಾಡ್ಬೇಕಂತೆ. ಒಂದ್ಸಲ ನೋಡ್ತೀಯಾ?’ ಗಡಿಯಾರ ನೋಡಿದೆ. ಎರಡೂಕಾಲು.

ನಾನು ವಕೀಲನಲ್ಲ. ಕಂಪನಿಯೊಂದರಲ್ಲಿ ವೆಂಡರ್ ಕಾಂಟ್ರಾಕ್ಟುಗಳನ್ನು ಓದಿ, ಎಲ್ಲಿ ಅರ್ಧವಿರಾಮ ತಪ್ಪಿದೆ, ಎಲ್ಲಿ ನಮ್ಮ ಕುತ್ತಿಗೆಗೆ ಬರುತ್ತದೆ ಅಂತ ಗುರುತು ಹಾಕುವುದು ನನ್ನ ಕೆಲಸ. ಆ ಕಾರಣಕ್ಕೇ ಇರಬೇಕು, ಅವನಾದ ಮೇಲೆ ಇಂಥದ್ದೇ ಐದಾರು ಪಿಡಿಎಫ್‌ಗಳು ನನ್ನ ಹತ್ತಿರ ಬಂದಿವೆ. ಬೇರೆ ಬೇರೆ ಕಂಪನಿ, ಬೇರೆ ಬೇರೆ ಲೋಗೋ, ಒಳಗೆ ಮಾತ್ರ ಒಂದೇ ಕೈಬರಹ. ಪುಸ್ತಕಕ್ಕೆ ವಿಮರ್ಶೆ ಬರೆಯುವವರಿದ್ದಾರೆ, ಶುಕ್ರವಾರ ಬಿಡುಗಡೆಯಾದ ಸಿನಿಮಾಕ್ಕೆ ಶುಕ್ರವಾರ ಮಧ್ಯಾಹ್ನವೇ ಸ್ಟಾರ್ ಕೊಡುವವರಿದ್ದಾರೆ. ನಮ್ಮ ವಯಸ್ಸಿನವರ ಇಎಂಐ, ಮದುವೆ, ಅಪ್ಪನ ಆಪರೇಷನ್ನು ಎಲ್ಲವನ್ನೂ ಅಲ್ಲಾಡಿಸುವ ಈ ನಾಲ್ಕು ಪುಟಗಳನ್ನು ಮಾತ್ರ ಯಾರೂ ಕೂತು ಓದುವುದಿಲ್ಲ. ಸೈನ್ ಹಾಕುವವರು ಕೂಡ ಮೊತ್ತ ಇರುವ ಜಾಗಕ್ಕೆ ನೇರ ಜಿಗಿಯುತ್ತಾರೆ. ಹಾಗಾಗಿ ಈ ಸಲ ಇದರ ವಿಮರ್ಶೆ.

ಮೊದಲು ಹೆಸರು. ‘ಮ್ಯೂಚುಯಲ್ ಸೆಪರೇಷನ್ ಅಗ್ರಿಮೆಂಟ್’. ಇಬ್ಬರೂ ಒಪ್ಪಿ ಬೇರೆಯಾಗುವುದು. ಫ್ಯಾಮಿಲಿ ಕೋರ್ಟಿನ ಕಾಗದಕ್ಕೆ ಚೆನ್ನಾಗಿ ಒಪ್ಪುವ ಹೆಸರು. ಆದರೆ ಅವತ್ತು ಬೆಳಿಗ್ಗೆ ಹನ್ನೊಂದಕ್ಕೆ ಹದಿನೈದು ನಿಮಿಷದ ಕಾಲ್ ಒಂದರಲ್ಲಿ, ಇವನು ಈ ಮುಂಚೆ ನೋಡೇ ಇರದ ಎಚ್‌ಆರ್ ಒಬ್ಬರು ‘ನಿಮ್ಮ ರೋಲ್ ಇನ್ನು ಇರೋದಿಲ್ಲ’ ಅಂದಿದ್ದರು. ಹನ್ನೆರಡೂವರೆಗೆ ಲ್ಯಾಪ್‌ಟಾಪಿನ ಆ್ಯಕ್ಸೆಸ್ ಹೋಗಿತ್ತು. ಈ ಇಡೀ ಪ್ರಕರಣದಲ್ಲಿ ಇವನು ಒಪ್ಪಿದ್ದು ಯಾವಾಗ ಅಂತ ನಾನು ಹುಡುಕಿದೆ. ‘ನೀವು ಕೇಳಿಸಿಕೊಳ್ತಾ ಇದೀರಾ?’ ಅಂತ ಅವರು ಕೇಳಿದಾಗ ‘ಹ್ಞೂಂ’ ಅಂದಿದ್ದನಂತೆ. ಅಷ್ಟೇ.

ಎರಡನೇ ಪುಟದಲ್ಲಿ ಟೇಬಲ್ಲು. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಇಡೀ ಕಾಗದದ ಜಾಣತನ ಇರುವುದು ಇಲ್ಲಿ. (ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.) ಇವನ ತಿಂಗಳ ವೇತನ ₹1,20,000. ಅದರಲ್ಲಿ ಬೇಸಿಕ್ ₹60,000. ಸರ್ವಿಸ್ ಏಳು ವರ್ಷ ಮೂರು ತಿಂಗಳು. ಟೇಬಲ್ಲಿನ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ‘ಒಟ್ಟು ಸೆಪರೇಷನ್ ಪ್ಯಾಕೇಜ್ ₹6,02,307’ ಅಂತ ಇತ್ತು. ಆರು ಲಕ್ಷ! ಬೇಜಾರಲ್ಲಿರುವ ಮನುಷ್ಯನಿಗೆ ಅಷ್ಟು ದೊಡ್ಡ ಸಂಖ್ಯೆ ಒಂದು ಕ್ಷಣ ಸಮಾಧಾನ ಕೊಡುತ್ತದೆ. ‘ಪರವಾಗಿಲ್ಲ ಅಲ್ವಾ ಮಗಾ?’ ಅಂತ ಅವನೂ ಕೇಳಿದ.

ಒಡೆದು ನೋಡಿ. ಅದರಲ್ಲಿ ₹2,42,307 ಗ್ರಾಚ್ಯುಟಿ. ಬೇಸಿಕ್ಕನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಏಳು ವರ್ಷದಿಂದ ಗುಣಿಸಿದರೆ ಬರುವ ಮೊತ್ತ. ಐದು ವರ್ಷ ದಾಟಿದವನು ನಗುತ್ತಾ ರಾಜೀನಾಮೆ ಕೊಟ್ಟು ಎದುರಿನ ಬಿಲ್ಡಿಂಗಿಗೆ ಹೋದರೂ 1972ರ ಗ್ರಾಚ್ಯುಟಿ ಕಾಯ್ದೆ ಪ್ರಕಾರ ಅದನ್ನು ಕೊಡಲೇಬೇಕಿತ್ತು. ಯಾವ ಒಪ್ಪಂದವೂ ಅದನ್ನು ಕಡಿಮೆ ಮಾಡುವ ಹಾಗಿಲ್ಲ. ಉಳಿದದ್ದು ₹3,60,000, ಮೂರು ತಿಂಗಳ ಸಂಬಳ. ಇವನ ಅಪಾಯಿಂಟ್‌ಮೆಂಟ್ ಲೆಟರಿನಲ್ಲಿ ನೋಟಿಸ್ ಪೀರಿಯಡ್ ಎರಡು ತಿಂಗಳು. ಇವತ್ತೇ ಹೋಗು ಅಂದಮೇಲೆ ಆ ಎರಡು ತಿಂಗಳ ದುಡ್ಡು ಹೇಗೂ ಕೊಡಬೇಕಿತ್ತು. ಅಂದರೆ ಏಳು ವರ್ಷಕ್ಕೆ ಕಂಪನಿ ಹೊಸದಾಗಿ ಕೊಡುತ್ತಿರುವುದು ಒಂದೇ ತಿಂಗಳು, ₹1,20,000. ಮಿಕ್ಕಿದ್ದು ಇವನ ದುಡ್ಡನ್ನೇ ಇವನಿಗೆ ಉಡುಗೊರೆ ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದು. ಆ ಒಂದು ತಿಂಗಳಿಗೂ ಇಟ್ಟಿದ್ದ ಹೆಸರು ‘ಎಕ್ಸ್‌ಗ್ರೇಷಿಯಾ’. ಹಕ್ಕಿನಿಂದ ಬಂದದ್ದಲ್ಲ, ಕೃಪೆಯಿಂದ ಬಂದದ್ದು ಅಂತ ಅದರ ಅರ್ಥ.

ಕೃಪೆ ಬೇಡ, ಕಾನೂನಿನ ಪ್ರಕಾರ ಎಷ್ಟಾಗುತ್ತಿತ್ತು? 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 25ಎಫ್ ಸೆಕ್ಷನ್ ಬಹಳ ಸರಳವಾಗಿತ್ತು. ಒಂದು ವರ್ಷ ಸತತವಾಗಿ ದುಡಿದ ಕೆಲಸಗಾರನನ್ನು ತೆಗೆಯಬೇಕಾದರೆ ಕಾರಣ ಬರೆದು ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಆ ತಿಂಗಳ ಸಂಬಳ ಕೊಡಬೇಕು. ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ. ಆರು ತಿಂಗಳು ದಾಟಿದ ತುಂಡು ವರ್ಷವನ್ನೂ ಒಂದು ವರ್ಷ ಅಂತ ಎಣಿಸಬೇಕು. ಇಲ್ಲಿ ಬರೀ ಬೇಸಿಕ್ ಅಲ್ಲ, ಭತ್ಯೆಗಳೂ ಲೆಕ್ಕಕ್ಕೆ ಬರುತ್ತವೆ. ಇವನಿಗೆ ತಿಂಗಳಿಗೆ ಅರ್ಧ ಅಂದರೆ ₹60,000, ಇಂಟು ಏಳು, ₹4,20,000. ಅದರ ಮೇಲೆ ಎರಡು ತಿಂಗಳ ನೋಟಿಸ್ ಪೇ ₹2,40,000. ಒಟ್ಟು ₹6,60,000. ಗ್ರಾಚ್ಯುಟಿ ಬೇರೆ. ಕಂಪನಿ ಕೊಡಲು ಬಂದದ್ದು ₹3,60,000. ಕೃಪೆಗಿಂತ ಕಾನೂನೇ ಮೂರು ಲಕ್ಷ ಹೆಚ್ಚು ಉದಾರಿ.

ಈ ದುಡ್ಡು ಆಮೇಲೆ ನಿಧಾನವಾಗಿ ಕೊಡುವಂಥದ್ದೂ ಅಲ್ಲ. ಕೊಟ್ಟರೆ ಮಾತ್ರ ತೆಗೆದದ್ದು ಸಿಂಧು. ಕೊಡದೆ ತೆಗೆದರೆ ಆ ತೆಗೆಯುವಿಕೆಯೇ ಅಸಿಂಧು ಅಂತ ಸುಪ್ರೀಂ ಕೋರ್ಟು 1960ರಲ್ಲೇ ಹೇಳಿದೆ. ‘ನಿಮ್ಮ ಪರ್ಫಾರ್ಮೆನ್ಸ್ ಸರಿಯಿರಲಿಲ್ಲ, ಇದು ಲೇಆಫ್ ಅಲ್ಲ’ ಅನ್ನುವ ಡೈಲಾಗಿಗೂ ಉತ್ತರ ಇದೆ. ಶಿಸ್ತುಕ್ರಮದ ಶಿಕ್ಷೆ ಬಿಟ್ಟು, ಯಾವುದೇ ಕಾರಣಕ್ಕೆ ಮಾಲೀಕ ಕೆಲಸದಿಂದ ತೆಗೆದರೂ ಅದು ರಿಟ್ರೆಂಚ್‌ಮೆಂಟೇ ಅಂತ 1990ರಲ್ಲಿ ಸಂವಿಧಾನ ಪೀಠ ಹೇಳಿತು. ಯಾವುದೇ ಕಾರಣ ಅಂದರೆ ಯಾವುದೇ ಕಾರಣ.

ಇಷ್ಟೆಲ್ಲ ಕಾನೂನು ಇದ್ದೂ ಆ ಪಿಡಿಎಫ್ ಇಷ್ಟು ಧೈರ್ಯವಾಗಿ ಹೇಗೆ ಬಂತು? ಮೂರನೇ ಪುಟ, ಎರಡನೇ ಪ್ಯಾರಾ, ಒಂದು ಸಾಲು. ಉದ್ಯೋಗಿಯು ‘ವಾಲಂಟರಿಲಿ’, ಅಂದರೆ ಸ್ವಇಚ್ಛೆಯಿಂದ, ರಾಜೀನಾಮೆ ನೀಡಿರುತ್ತಾರೆ.

ಈ ಒಂದು ಪದದ ಕೆಲಸ ನೋಡಿ. ರಾಜೀನಾಮೆ ಕೊಟ್ಟವನು ರಿಟ್ರೆಂಚ್ ಆದವನಲ್ಲ. ಹಾಗಾಗಿ 15 ದಿನದ ಲೆಕ್ಕ ಇಲ್ಲ. ಕೊನೆಗೆ ಸೇರಿದವನನ್ನು ಮೊದಲು ತೆಗೆಯಬೇಕು, ಇಲ್ಲದಿದ್ದರೆ ಯಾಕೆ ಅಂತ ಬರೆದಿಡಬೇಕು ಅನ್ನುವ ನಿಯಮ ಇಲ್ಲ. ನಾಳೆ ಅದೇ ಕೆಲಸಕ್ಕೆ ಮತ್ತೆ ಜನ ತೆಗೆದುಕೊಳ್ಳುವಾಗ ಇವನಿಗೆ ಮೊದಲ ಅವಕಾಶ ಕೊಡಬೇಕಿಲ್ಲ. ರಿಟ್ರೆಂಚ್‌ಮೆಂಟ್ ಪರಿಹಾರಕ್ಕೆ ಆದಾಯ ತೆರಿಗೆಯಲ್ಲಿ ₹5 ಲಕ್ಷದವರೆಗೆ ಇರುವ ವಿನಾಯಿತಿ ಸಿಗುವುದಿಲ್ಲ. ಎಕ್ಸ್‌ಗ್ರೇಷಿಯಾ ಸಂಬಳದ ಹಾಗೆ ತೆರಿಗೆಗೆ ಬೀಳುತ್ತದೆ. ನಮ್ಮ ರಾಜ್ಯದ್ದೇ ಒಂದು ವಿಷಯ ಇದೆ. ಐಟಿ ಕಂಪನಿಗಳಿಗೆ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ ಕರ್ನಾಟಕ ಸರ್ಕಾರ 2014ರಿಂದ ಐದೈದು ವರ್ಷಕ್ಕೆ ವಿನಾಯಿತಿ ಕೊಡುತ್ತಾ ಬಂತು. ಪುಕ್ಕಟೆ ಅಲ್ಲ, ಷರತ್ತುಗಳಿದ್ದವು. ಸಸ್ಪೆನ್ಷನ್, ಡಿಸ್ಚಾರ್ಜ್, ಟರ್ಮಿನೇಷನ್, ಹಿಂಬಡ್ತಿ ಏನೇ ಮಾಡಿದರೂ ಕಾರ್ಮಿಕ ಇಲಾಖೆಗೆ ತಿಳಿಸಬೇಕು ಅನ್ನುವುದು ಅದರಲ್ಲೊಂದು. ಆ ಪಟ್ಟಿಯಲ್ಲಿ ರಾಜೀನಾಮೆ ಇಲ್ಲ. ಒಂದೇ ದಿನ ಇನ್ನೂರು ಜನ ‘ಸ್ವಇಚ್ಛೆಯಿಂದ’ ಎದ್ದು ಹೋದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಗೊತ್ತೇ ಆಗುವುದಿಲ್ಲ. ಕಾಗದದ ಮೇಲೆ ಯಾರೂ ಕೆಲಸ ಕಳೆದುಕೊಂಡಿಲ್ಲವಲ್ಲ.

ಅದಕ್ಕೇ ನಾನು ಹೇಳುವುದು, ಈ ಸೆಟಲ್‌ಮೆಂಟುಗಳಲ್ಲಿ ಅನ್ಯಾಯ ಇರುವುದು ಮೊದಲು ಮೊತ್ತದಲ್ಲಲ್ಲ. ಆ ಪದದಲ್ಲಿ. ಮೊತ್ತ ಆ ಪದದ ಹಿಂದೆ ಬರುವ ಬಾಲ.

ಇಲ್ಲಿ ನಮ್ಮ ಪಾಲೂ ಸ್ವಲ್ಪ ಇದೆ. ಇದನ್ನೆಲ್ಲ ಹೇಳಿದಾಗ ರೂಮ್‌ಮೇಟ್ ಕೇಳಿದ ಮೊದಲ ಪ್ರಶ್ನೆ: ‘ಅದು ಫ್ಯಾಕ್ಟರಿಯವರಿಗಲ್ವಾ? ನಾನು ಸೀನಿಯರ್ ಎಂಜಿನಿಯರ್ ಕಣೋ.’ ಕಾಯ್ದೆಯಲ್ಲಿ ‘ವರ್ಕ್‌ಮನ್’ ಅಂದರೆ ಮೈಮುರಿದು ದುಡಿಯುವವನು ಮಾತ್ರ ಅಲ್ಲ. ಕುಶಲ, ತಾಂತ್ರಿಕ, ಕಚೇರಿ ಕೆಲಸ ಎಲ್ಲವೂ ಅದರೊಳಗಿದೆ. ಸಂಬಳದ ಮಿತಿ ಇರುವುದು ಮೇಲ್ವಿಚಾರಣೆ ಮಾಡುವವರಿಗೆ ಮಾತ್ರ. ಕುಳಿತು ಕೋಡ್ ಬರೆಯುವವನ ಸಂಬಳ ಒಂದು ಲಕ್ಷ ಇರಲಿ ಮೂರು ಲಕ್ಷ ಇರಲಿ, ಕಾಯ್ದೆ ಅದನ್ನು ಕೇಳುವುದಿಲ್ಲ. ಹೊರಗುಳಿಯುವವರು ನಿಜವಾಗಿ ಮ್ಯಾನೇಜ್ ಮಾಡುವವರು. ವಿಸಿಟಿಂಗ್ ಕಾರ್ಡಿನಲ್ಲಿ ಏನಿದೆ ಅನ್ನುವುದಲ್ಲ, ದಿನಾ ಏನು ಕೆಲಸ ಮಾಡುತ್ತೀರಿ ಅನ್ನುವುದು ಮುಖ್ಯ. 2018ರಲ್ಲಿ ಚೆನ್ನೈನ ಲೇಬರ್ ಕೋರ್ಟು, ದೊಡ್ಡ ಐಟಿ ಕಂಪನಿಯೊಂದು 2015ರಲ್ಲಿ ತೆಗೆದುಹಾಕಿದ್ದ ಎಂಜಿನಿಯರ್ ಒಬ್ಬರನ್ನು ವಾಪಸ್ ತೆಗೆದುಕೊಳ್ಳಿ ಅಂದಿತು. ಅವರು ಮ್ಯಾನೇಜರ್ ಮಟ್ಟದವರು ಅಂತ ಕಂಪನಿ ವಾದಿಸಿತ್ತು, ಕೋರ್ಟು ಒಪ್ಪಲಿಲ್ಲ. ನಿಜ, ಹತ್ತು ಜನರ ರಜೆ ಮಂಜೂರು ಮಾಡಿ, ಅಪ್ರೈಸಲ್ ಬರೆಯುವ ಲೀಡ್‌ಗಳ ವಿಷಯ ಇಷ್ಟು ಸುಲಭ ಅಲ್ಲ. ಅವರಿಗೆ ಉಳಿಯುವುದು ಹೆಚ್ಚುಕಡಿಮೆ ಅಪಾಯಿಂಟ್‌ಮೆಂಟ್ ಲೆಟರ್ ಮಾತ್ರ. ಆದರೆ ನಮ್ಮಲ್ಲಿ ಬಹಳ ಜನ ಲೀಡ್ ಅನ್ನುವ ಹೆಸರಿನ ಕೆಳಗೆ ರಾತ್ರಿ ಹನ್ನೊಂದಕ್ಕೆ ಬಗ್ ಸರಿ ಮಾಡುತ್ತಾ ಕೂತಿರುತ್ತೀವಿ. ‘ಕಾರ್ಮಿಕ’ ಅಂತ ಕರೆಸಿಕೊಳ್ಳಲು ನಾಚಿಕೆ. ಆ ನಾಚಿಕೆಯ ಬೆಲೆ ಇವನ ವಿಷಯದಲ್ಲಿ ಮೂರು ಲಕ್ಷ ರೂಪಾಯಿ.

ಬಾಕಿ ಕ್ಲಾಸುಗಳು ಬೇಗ ಮುಗಿಯುತ್ತವೆ. ತಿಳಿದಿರುವ, ತಿಳಿಯದಿರುವ, ಹಿಂದಿನ, ಇಂದಿನ, ಮುಂದಿನ ಎಲ್ಲ ಕ್ಲೇಮುಗಳನ್ನೂ ಬಿಟ್ಟುಕೊಟ್ಟಿದ್ದೇನೆ ಅಂತ ಒಂದು. ತಿಳಿಯದೇ ಇರುವುದನ್ನು ಹೇಗೆ ಬಿಟ್ಟುಕೊಡುತ್ತಾರೋ! ಕೋರ್ಟಿಗೆ ಹೋಗುವ ಹಕ್ಕನ್ನೇ ಪೂರ್ತಿ ಕಿತ್ತುಕೊಳ್ಳುವ ಒಪ್ಪಂದ ನಡೆಯುವುದಿಲ್ಲ ಅಂತ ನಮ್ಮ ಕಾಂಟ್ರಾಕ್ಟ್ ಕಾಯ್ದೆಯ 28ನೇ ಸೆಕ್ಷನ್ 1872ರಿಂದಲೂ ಹೇಳುತ್ತಿದೆ. ಆದರೂ ಆ ಸಾಲು ಹೆದರಿಸುವ ಕೆಲಸ ಮಾಡುತ್ತದೆ, ಅದಕ್ಕೇ ಅಲ್ಲಿರುವುದು. ಇನ್ನೊಂದು ಗೋಪ್ಯತೆ. ಈ ಒಪ್ಪಂದದ ವಿವರವನ್ನು ಸಂಗಾತಿಗೆ ಮಾತ್ರ ಹೇಳಬಹುದು. ಇವನಿಗೆ ಮದುವೆಯಾಗಿಲ್ಲ. ಅಂದರೆ ಹಾಸನದಲ್ಲಿರುವ ಅಮ್ಮನಿಗೆ ಹೇಳುವ ಹಾಗಿಲ್ಲ. ಪಕ್ಕದ ಟೀಮಿನವನಿಗೆ ಎಷ್ಟು ಕೊಟ್ಟರು ಅಂತ ಕೇಳುವ ಹಾಗೂ ಇಲ್ಲ, ಇದರ ಉದ್ದೇಶವೇ ಅದು. ಯಾರಿಗೆಷ್ಟು ಅಂತ ಗೊತ್ತಾದರೆ ತಾನೆ ಚೌಕಾಸಿ ಶುರುವಾಗುವುದು.

ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಸಂಜೆ ಆರು ಗಂಟೆಯ ಮೇಲೆ. ಆ ಕಂಪನಿಯ ಮುಖ್ಯ ಕಚೇರಿ ಇರುವುದು ಅಮೆರಿಕದಲ್ಲಿ. ಅಲ್ಲಿ ಖಾಸಗಿ ಕಂಪನಿ ಕೆಲಸದಿಂದ ತೆಗೆದರೆ ಪರಿಹಾರ ಕೊಡಲೇಬೇಕು ಅನ್ನುವ ಫೆಡರಲ್ ಕಾನೂನೇ ಇಲ್ಲ. ಆದರೆ ವಯಸ್ಸಿನ ತಾರತಮ್ಯದ ಹಕ್ಕು ಬಿಟ್ಟುಕೊಡು ಅಂತ 40 ದಾಟಿದವರ ಹತ್ತಿರ ಸೈನ್ ಹಾಕಿಸಬೇಕಾದರೆ, 1990ರಿಂದ ಒಂದು ನಿಯಮ ಇದೆ. ಗುಂಪಾಗಿ ತೆಗೆಯುವಾಗ ಓದಿ ಯೋಚಿಸಲು 45 ದಿನ ಕೊಡಬೇಕು, ವಕೀಲರನ್ನು ಕೇಳಿ ಅಂತ ಬರೆದು ಹೇಳಬೇಕು, ಸೈನ್ ಹಾಕಿದ ಮೇಲೂ ಏಳು ದಿನದೊಳಗೆ ಮನಸ್ಸು ಬದಲಾಯಿಸಬಹುದು. ಬ್ರಿಟನ್ನಿನಲ್ಲಿ ಇಂಥ ಒಪ್ಪಂದ ನಿಲ್ಲಬೇಕಾದರೆ ಉದ್ಯೋಗಿ ಸ್ವತಂತ್ರವಾಗಿ ಸಲಹೆ ಪಡೆದಿರಲೇಬೇಕು. ಅದರ ಫೀಸನ್ನು ಸಾಮಾನ್ಯವಾಗಿ ಕಂಪನಿಯೇ ಕಟ್ಟುತ್ತದೆ. ವಿಚಿತ್ರ ನೋಡಿ. ಅಮೆರಿಕದಲ್ಲಿ ದುಡ್ಡು ಕೊಡು ಅನ್ನುವ ಕಾನೂನಿಲ್ಲ, ಓದಲು ಸಮಯ ಕೊಡು ಅನ್ನುವುದಿದೆ. ಇಲ್ಲಿ ದುಡ್ಡು ಕೊಡು ಅನ್ನುವುದಿದೆ, ಓದಲು ಸಮಯ ಕೊಡು ಅನ್ನುವುದಿಲ್ಲ. ಎರಡನ್ನೂ ಬಲ್ಲ ಕಂಪನಿ ಎರಡೂ ಕಡೆ ಕಡಿಮೆ ಇರುವುದನ್ನೇ ಆರಿಸಿಕೊಂಡಿತು.

ಕಂಪನಿಯ ಕಡೆಯಿಂದಲೂ ಯೋಚಿಸಿದೆ. ಪ್ರಾಜೆಕ್ಟ್ ಹೋಯಿತು, ಕ್ಲೈಂಟ್ ಬಜೆಟ್ ಕತ್ತರಿಸಿದ, ನಿಜವಾಗಿಯೂ ಕೆಲಸ ಇಲ್ಲ, ಹಾಗಾಗುತ್ತದೆ. ಜನರನ್ನು ತೆಗೆಯಲೇಬಾರದು ಅಂತ ಯಾವ ಕಾನೂನೂ ಹೇಳಿಲ್ಲ, ನಾನೂ ಹೇಳುತ್ತಿಲ್ಲ. ಆದರೆ ತೆಗೆಯುತ್ತಿದ್ದೇವೆ ಅಂತ ಬರೆಯಿರಿ. ಲೆಕ್ಕವನ್ನು ಬಿಡಿಸಿ ಕೊಡಿ: ಇದು ಗ್ರಾಚ್ಯುಟಿ, ಇದು ನೋಟಿಸ್, ಇದು ಕಾನೂನಿನ ಪರಿಹಾರ, ಇದು ಅದರ ಮೇಲೆ ನಾವಾಗಿ ಕೊಡುತ್ತಿರುವುದು. ಮನೆಗೆ ತಗೊಂಡು ಹೋಗಿ ಎರಡು ವಾರ ಓದಲಿ. ಇದರಲ್ಲಿ ಯಾವುದಕ್ಕೂ ದೊಡ್ಡ ಖರ್ಚಿಲ್ಲ. ‘ಹಾಗೆ ಬರೆದರೆ ಕ್ಯಾಂಡಿಡೇಟಿಗೇ ತೊಂದರೆ’ ಅಂತ ಪರಿಚಯದ ಎಚ್‌ಆರ್ ಒಬ್ಬರು ನನಗೆ ಹೇಳಿದರು. ‘ರಿಲೀವಿಂಗ್ ಲೆಟರಿನಲ್ಲಿ ಟರ್ಮಿನೇಟೆಡ್ ಅಂತಿದ್ದರೆ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನಲ್ಲಿ ಸಿಕ್ಕಿಹಾಕಿಕೊಳ್ತಾರೆ. ನಾವು ಅವರಿಗೆ ಸಹಾಯ ಮಾಡ್ತಿದೀವಿ.’ ಅವರು ಸುಳ್ಳು ಹೇಳುತ್ತಿರಲಿಲ್ಲ. ಈ ಊರಿನಲ್ಲಿ ರಿಲೀವಿಂಗ್ ಲೆಟರ್ ಇಲ್ಲದೆ ಮುಂದಿನ ಕೆಲಸ ಇಲ್ಲ. ಆ ಟೇಬಲ್ಲಿನ ಎದುರು ಕೂತವನು ವ್ಯಾಪಾರಕ್ಕೆ ಇಟ್ಟಿರುವುದು ಮೂರು ಲಕ್ಷವನ್ನಲ್ಲ, ಆ ಲೆಟರಿನಲ್ಲಿ ಬರುವ ಒಂದು ಪದವನ್ನು. ಆದರೆ ಒಬ್ಬ ಏಳು ವರ್ಷ ಏನು ಕೆಲಸ ಮಾಡಿದ ಅನ್ನುವುದು ನಡೆದುಹೋದ ಸಂಗತಿ. ಅದನ್ನು ಬರೆದುಕೊಡುವುದಕ್ಕೆ ಬೆಲೆ ಕೇಳುವುದೇ ತಪ್ಪು. ‘ಹುದ್ದೆ ರದ್ದಾದ ಕಾರಣ’ ಅಂತ ಬರೆದರೆ ಯಾರ ಮಾನವೂ ಹೋಗುವುದಿಲ್ಲ. ಹೋಗುತ್ತದೆ ಅನ್ನುವ ಹೆದರಿಕೆಯನ್ನು ಬೆಳೆಸಿದ್ದೂ ಇದೇ ಎಚ್‌ಆರ್ ವಿಭಾಗಗಳು.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಒಂದು ತಿಂಗಳ ನೋಟಿಸು, ವರ್ಷಕ್ಕೆ 15 ದಿನ, ಎರಡೂ ಉಳಿದಿವೆ. ಕೊನೆಯ ಲೆಕ್ಕದ ವೇತನವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು, ರಾಜೀನಾಮೆ ಕೊಟ್ಟವರಿಗೂ. ಫೈನಲ್ ಸೆಟಲ್‌ಮೆಂಟಿಗೆ ನಲವತ್ತೈದು ದಿನ ಕಾದು ಕೂತವರಿಗೆ ಇದರ ಸುಖ ಗೊತ್ತು. ರಿಟ್ರೆಂಚ್ ಆದವರಿಗೆ ಹೊಸ ಕೌಶಲ ಕಲಿಯಲು ಇನ್ನೂ 15 ದಿನದ ವೇತನ ಅಂತ ಒಂದು ನಿಧಿ ಇದೆ. ವಿವಾದ ಎತ್ತಲು ಮೊದಲು ಮೂರು ವರ್ಷ ಇದ್ದ ಗಡುವು ಎರಡಕ್ಕೆ ಇಳಿದಿದೆ, ಅದನ್ನೂ ನೆನಪಿಟ್ಟುಕೊಳ್ಳಿ. ಗಮನಿಸಿದಿರಾ, ಕೌಶಲ ನಿಧಿಯ ದುಡ್ಡು ಮತ್ತೆ ರಿಟ್ರೆಂಚ್ ಆದವರಿಗೆ ಮಾತ್ರ. ಕಾನೂನು ಕೊಡುವುದನ್ನು ಹೆಚ್ಚಿಸಿದಷ್ಟೂ ‘ಸ್ವಇಚ್ಛೆಯಿಂದ’ ಅನ್ನುವ ಪದ ಕಂಪನಿಗೆ ಉಳಿಸುವುದೂ ಹೆಚ್ಚಾಗುತ್ತದೆ. ಅದು ನಿಜವಾಗಿ ಸ್ವಇಚ್ಛೆಯೇ ಅಂತ ಯಾರಾದರೂ ಒಬ್ಬರು, ಕಂಪನಿಯವರಲ್ಲದವರು, ಆ ಮನುಷ್ಯನನ್ನು ಕೇಳುವ ವ್ಯವಸ್ಥೆ ಸಂಹಿತೆಯಲ್ಲೂ ಇಲ್ಲ.

ಅವತ್ತು ರೂಮ್‌ಮೇಟ್ ಆರು ಗಂಟೆಗೆ ಸೈನ್ ಹಾಕಲಿಲ್ಲ. ಇಬ್ಬರೂ ಕೂತು ಒಂದು ಮೇಲ್ ಬರೆದೆವು. ಜಗಳ ಇಲ್ಲ, ಬೆದರಿಕೆ ಇಲ್ಲ, 25ಎಫ್ ಪ್ರಕಾರದ ಲೆಕ್ಕ ಮತ್ತು ಎರಡು ಕೋರಿಕೆ. ಒಂದು, ಮೊತ್ತ ಸರಿಪಡಿಸಿ. ಎರಡು, ‘ವಾಲಂಟರಿಲಿ’ ತೆಗೆದು ‘ಹುದ್ದೆ ರದ್ದಾದ ಕಾರಣ’ ಅಂತ ಹಾಕಿ. ಆರು ಗಂಟೆ ದಾಟಿತು, ಏನೂ ಆಗಲಿಲ್ಲ. ಮಂಗಳವಾರ ಉತ್ತರ ಬಂತು. ಮೂರು ತಿಂಗಳಿದ್ದದ್ದು ಐದು ತಿಂಗಳಾಗಿತ್ತು, ₹6,00,000, ಗ್ರಾಚ್ಯುಟಿ ಬೇರೆ. ಕಾನೂನಿನ ಲೆಕ್ಕಕ್ಕೆ ಅರವತ್ತು ಸಾವಿರ ಕಡಿಮೆ ಅಷ್ಟೇ. ಎರಡನೇ ಕೋರಿಕೆಗೆ ಮಾತ್ರ ‘ಟೆಂಪ್ಲೇಟ್ ಬದಲಾಯಿಸಲು ಬರುವುದಿಲ್ಲ’ ಅಂದರು. ದುಡ್ಡು ಎರಡು ಲಕ್ಷದ ನಲವತ್ತು ಸಾವಿರ ಜಾಸ್ತಿ ಕೊಟ್ಟರು, ಪದ ಬಿಡಲಿಲ್ಲ. ಅವನಿಗೆ ಆ ತಿಂಗಳ ಹತ್ತಕ್ಕೆ ಹೋಮ್ ಲೋನಿನ ಕಂತಿತ್ತು. ಸೈನ್ ಹಾಕಿದ. ಬೇಡ ಅಂತ ನಾನೂ ಹೇಳಲಿಲ್ಲ.

ಸೆಪ್ಟೆಂಬರಿನಲ್ಲಿ ಇನ್ನೊಂದು ಕಂಪನಿಯ ಕೊನೇ ರೌಂಡ್ ಇಂಟರ್‌ವ್ಯೂ ನಡುವೆ ಐದು ನಿಮಿಷ ಬ್ರೇಕ್ ತಗೊಂಡು ಫೋನ್ ಮಾಡಿದ. ‘ಮಗಾ, ಬೇರೆ ಕೆಲಸ ಕೈಲಿ ಇಲ್ಲದೆ ಯಾಕೆ ರಿಸೈನ್ ಮಾಡಿದ್ರಿ ಅಂತ ಕೇಳ್ತಿದಾರೆ. ಏನ್ ಹೇಳ್ಲಿ?’